ಗುಮಾಸ್ತ ಕುರ್ಚಿ ಬಿಟ್ಟು ಹೋದರೆ

ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಒಂದು ಮೂಲ ಲೆಕ್ಕದ ಪುಸ್ತಕ ಇದೆ. ಅದೇ ಡಿಎನ್‌ಎ. ಕೋಶಕೇಂದ್ರ ಎಂಬ ತಿಜೋರಿಯಿಂದ ಅದು ಹೊರಗೆ ಬರುವುದಿಲ್ಲ. ಬೇಕಾದ ಪುಟವನ್ನು ನಕಲು ಮಾಡಿದ ಚೀಟಿ ಮಾತ್ರ ಹೊರಗೆ ಹೋಗುತ್ತದೆ. ಆ ಚೀಟಿಯೇ ಆರ್‌ಎನ್‌ಎ. ಅದನ್ನು ನೋಡಿ ಪ್ರೋಟೀನ್ ತಯಾರಾಗುತ್ತದೆ. ನಾನು ಕಾಮರ್ಸ್‌ನವಳು, ಸೈನ್ಸ್ ಸೆಕ್ಷನ್‌ನವರು ನಗಬಹುದು. ನನಗೆ ಅರ್ಥವಾಗಿದ್ದು ಹೀಗೆಯೇ.

ನಕಲಾದ ಚೀಟಿ ಹಾಗೇ ಕೆಲಸಕ್ಕೆ ಬರುವುದಿಲ್ಲ. ಬೇಡದ ಸಾಲು ಕತ್ತರಿಸಬೇಕು, ಬೇಕಾದ್ದು ಜೋಡಿಸಬೇಕು, ಸರಿಯಾದ ಜಾಗಕ್ಕೆ ಕಳಿಸಬೇಕು. ಈ ಗುಮಾಸ್ತೆಗಿರಿ ಮಾಡುವುದು ಆರ್‌ಎನ್‌ಎಗೆ ಅಂಟಿಕೊಳ್ಳುವ ಪ್ರೋಟೀನ್‌ಗಳು. ಅವುಗಳಲ್ಲಿ ಒಂದರ ಹೆಸರು ಟಿಡಿಪಿ-43.

ನನಗೆ ಈ ಹೆಸರು ಗೊತ್ತಾಗಿದ್ದು ನಮ್ಮ ಖಾಲೂ ಕಾಯಿಲೆಯಿಂದ. 2 ವರ್ಷದ ಹಿಂದೆ ಅವರಿಗೆ ಅಂಗಿಯ ಗುಂಡಿ ಹಾಕಲು ಬೆರಳು ಬಗ್ಗದಾಯಿತು. ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಕೆಲವರು ಲಕ್ವ ಎಂದರು, ಕೆಲವರು ನಜರ್ ಎಂದರು. ಲಕ್ವ ದಿಢೀರನೆ ಹೊಡೆಯುತ್ತದೆ, ಇದು ತಿಂಗಳುಗಟ್ಟಲೆ ನಿಧಾನವಾಗಿ ಏರುತ್ತಾ ಬಂತು. ಅದು ಎಎಲ್‌ಎಸ್, ಸ್ಟೀಫನ್ ಹಾಕಿಂಗ್ ಅವರಿಗಿದ್ದ ಕಾಯಿಲೆ. ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುತ್ತಾ ಹೋಗುತ್ತವೆ. ಬುದ್ಧಿ ಮಾತ್ರ ಚುರುಕು: ಖಾಲೂ ಈಗಲೂ ನನ್ನ ಟ್ರಯಲ್ ಬ್ಯಾಲೆನ್ಸನ್ನು ಬಾಯಲ್ಲೇ ಕೂಡಿಸಿ ಹೇಳುತ್ತಾರೆ.

ಈ ಕಾಯಿಲೆಯಿಂದ ಸತ್ತವರ ನರಕೋಶಗಳಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಅವು ಮುಖ್ಯವಾಗಿ ಟಿಡಿಪಿ-43 ಎಂದು 2006ರಲ್ಲಿ ತಿಳಿಯಿತು. ಎಎಲ್‌ಎಸ್ ಬಂದ 100 ಜನರಲ್ಲಿ ಸುಮಾರು 97 ಮಂದಿಯಲ್ಲಿ ಹೀಗೆ ಇರುತ್ತದೆ. ವರ್ತನೆ ಮತ್ತು ಮಾತನ್ನು ಕೆಡಿಸುವ ಒಂದು ಬಗೆಯ ಮರೆವಿನ ಕಾಯಿಲೆಯಲ್ಲೂ ಎಷ್ಟೋ ಜನರಲ್ಲಿ ಇದೇ ಗಂಟು. ತಿಜೋರಿಯೊಳಗೆ ಕೂತಿರಬೇಕಾದ ಗುಮಾಸ್ತ ಹೊರಗೆ ಬಂದು ಮುದ್ದೆಗಟ್ಟಿರುತ್ತಾನೆ. ಮುದ್ದೆಯಿಂದ ಕೋಶಕ್ಕೆ ತೊಂದರೆ ಇದ್ದೇ ಇದೆ. ಆದರೆ ಖಾಲಿ ಕುರ್ಚಿಯ ನಷ್ಟವೇ ದೊಡ್ಡದು ಎಂದು ನನಗೆ ಅನಿಸುತ್ತದೆ. ಕತ್ತರಿಸಬೇಕಾದ ಸಾಲುಗಳು ಚೀಟಿಯಲ್ಲೇ ಉಳಿದುಬಿಡುತ್ತವೆ. ನರತಂತು ಬೆಳೆಯಲು, ದುರಸ್ತಿಯಾಗಲು ಬೇಕಾದ ಸ್ಟಾತ್ಮಿನ್-2 ಎಂಬ ಪ್ರೋಟೀನ್ ಇದೆ. ಅದರ ಚೀಟಿ ಹೀಗೆ ಅರ್ಧಕ್ಕೇ ನಿಂತುಹೋಗುತ್ತದೆ ಎಂದು 2019ರಲ್ಲಿ ಕಂಡುಕೊಂಡರು. ಚೀಟಿಯೇ ಪೂರ್ತಿ ಇಲ್ಲದಿದ್ದರೆ ಮಾಲು ಎಲ್ಲಿಂದ ಬರಬೇಕು?

ಈಗ ಕೊಡುವ ರಿಲುಜೋಲ್ ಮಾತ್ರೆ ಕಾಯಿಲೆಯನ್ನು ಕೆಲವು ತಿಂಗಳು ತಡೆಯುತ್ತದೆ, ಅಷ್ಟೇ. ಸ್ಟಾತ್ಮಿನ್-2ರ ಚೀಟಿಯನ್ನು ಸರಿಮಾಡುವ ಔಷಧಿಯ ಪರೀಕ್ಷೆ ವಿದೇಶದಲ್ಲಿ ಶುರುವಾಗಿದೆ.

ಗಂಟುಗಳ ಗುಟ್ಟು ತಿಳಿದದ್ದು ಸತ್ತವರ ಮಿದುಳು, ಬೆನ್ನುಹುರಿಯಿಂದ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲೂ 1995ರಲ್ಲಿ ಶುರುವಾದ ಮಿದುಳು ಬ್ಯಾಂಕ್ ಇದೆ. ಕುಟುಂಬದವರ ಒಪ್ಪಿಗೆ ಪಡೆದು ಅಲ್ಲಿ ಮಿದುಳನ್ನು ಸಂಶೋಧನೆಗೆ ಇಡುತ್ತಾರೆ. ಇದನ್ನು ಓದಿ ಹೇಳಿದಾಗ ಖಾಲೂ, "ಅಲ್ಲಿಗೆ ಯಾರು ಬೇಕಾದರೂ ಕೊಡಬಹುದಾ?" ಎಂದು ಕೇಳಿದರು. ಖಾಲಾ ಎದ್ದು ಅಡುಗೆಮನೆಗೆ ಹೋದರು. ಆ ಮಾತು ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.