ಮಂಡಿಯ ಮೃದ್ವಸ್ಥಿ ಕೋಶಗಳ ಕಸಿ: ಒಪ್ಪಿಗೆ ನೀಡುವ ಮುನ್ನ

ಮಂಡಿಯಲ್ಲಿ ಕೂಡುವ ಮೂಳೆಗಳ ತುದಿಗಳನ್ನು ನುಣುಪಾದ ಮೃದ್ವಸ್ಥಿಯು ಆವರಿಸಿರುತ್ತದೆ. ನಡೆಯುವಾಗ ಮೂಳೆಗಳು ಒಂದಕ್ಕೊಂದು ಉಜ್ಜದಂತೆ ಕಾಪಾಡುವುದು ಇದೇ. ಇದರಲ್ಲಿ ರಕ್ತನಾಳಗಳಿಲ್ಲ. ಆದುದರಿಂದ ಚರ್ಮದ ಗಾಯವು ಮಾಯುವಂತೆ ಇದರ ಗಾಯವು ತಾನಾಗಿ ಮಾಯುವುದಿಲ್ಲ.

ಈ ಕೊರತೆಯನ್ನು ತುಂಬಲು ರೋಗಿಯ ಸ್ವಂತ ಜೀವಕೋಶಗಳನ್ನೇ ಬಳಸುವ ವಿಧಾನವನ್ನು ಸ್ವೀಡನ್ ದೇಶದ ವೈದ್ಯರು 1987ರಲ್ಲಿ ಆರಂಭಿಸಿ, ಅದರ ಫಲಿತಾಂಶವನ್ನು 1994ರಲ್ಲಿ ಪ್ರಕಟಿಸಿದರು. ಇದರಲ್ಲಿ ಸಾಮಾನ್ಯವಾಗಿ ಎರಡು ಶಸ್ತ್ರಚಿಕಿತ್ಸೆಗಳಿರುತ್ತವೆ. ಮೊದಲನೆಯದರಲ್ಲಿ, ಮಂಡಿಯ ಹೆಚ್ಚು ಭಾರ ಬೀಳದ ಭಾಗದಿಂದ ಮೃದ್ವಸ್ಥಿಯ ಸಣ್ಣ ಚೂರನ್ನು ತೆಗೆಯುತ್ತಾರೆ. ಪ್ರಯೋಗಾಲಯದಲ್ಲಿ ಕೆಲವು ವಾರಗಳ ಕಾಲ ಅದರ ಕೋಶಗಳನ್ನು ವೃದ್ಧಿಪಡಿಸಿ, ಎರಡನೆಯದರಲ್ಲಿ ಗಾಯದ ಜಾಗದಲ್ಲಿ ನೆಲೆಗೊಳಿಸುತ್ತಾರೆ.

ಯಾರಿಗೆ ತಕ್ಕುದು?

ಇದು ಮಂಡಿನೋವಿಗೆಲ್ಲ ಮದ್ದಲ್ಲವೆಂಬುದನ್ನು ಮೊದಲು ತಿಳಿಯಿರಿ. ಪೆಟ್ಟಿನಿಂದ ಒಂದೆಡೆ ಮಾತ್ರ ಮೃದ್ವಸ್ಥಿ ಕಿತ್ತುಹೋಗಿ, ಉಳಿದ ಕೀಲು ಚೆನ್ನಾಗಿರುವ ಯುವಕರು ಹಾಗೂ ನಡುವಯಸ್ಸಿನವರಿಗೆ ಇದು ಹೆಚ್ಚಾಗಿ ಒಪ್ಪುತ್ತದೆ. ವಯಸ್ಸಾದಂತೆ ಇಡೀ ಮಂಡಿ ಸವೆದವರಿಗೆ ಇದರಿಂದ ಪ್ರಯೋಜನ ಸಿಗುವುದು ಕಷ್ಟ. ಅವರಿಗೆ ವ್ಯಾಯಾಮ, ತೂಕದ ಇಳಿಕೆ, ಔಷಧಿ, ಅಗತ್ಯವಾದರೆ ಕೀಲು ಬದಲಾವಣೆ ಮುಂತಾದ ಬೇರೆ ಮಾರ್ಗಗಳಿವೆ. ಕಾಲು ಡೊಂಕಾಗಿದ್ದರೆ ಅಥವಾ ಅಸ್ಥಿರಜ್ಜು ಹರಿದಿದ್ದರೆ ಅದನ್ನೂ ಸರಿಪಡಿಸಬೇಕು. ಇಲ್ಲವಾದರೆ ಹೊಸ ಮೃದ್ವಸ್ಥಿಯೂ ಹಾಳಾಗುವ ಸಂಭವವುಂಟು. ಅತಿಯಾದ ತೂಕ ಹಾಗೂ ಧೂಮಪಾನ ಸಹ ಫಲಿತಾಂಶಕ್ಕೆ ಅಡ್ಡಿಯಾಗುತ್ತವೆ.

ಅನಂತರದ ತಿಂಗಳುಗಳು

ಶಸ್ತ್ರಚಿಕಿತ್ಸೆ ಮುಗಿದೊಡನೆ ಗುಣವಾಯಿತೆಂದು ಭಾವಿಸಬಾರದು. ಹಲವು ವಾರಗಳ ಕಾಲ ಊರುಗೋಲು ಬೇಕು. ಕಾಲಿನ ಮೇಲೆ ಭಾರವನ್ನು ಕ್ರಮವಾಗಿಯೇ ಹೆಚ್ಚಿಸಬೇಕು. ತಿಂಗಳುಗಟ್ಟಲೆ ವ್ಯಾಯಾಮ ನಡೆಯಬೇಕು. ಓಟ, ಆಟಗಳಿಗೆ ಮರಳಲು ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯಬಹುದು. ಹೊಲದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕಳೆ ಕೀಳುವವರು, ಮೂಟೆ ಹೊರುವವರು ಅಷ್ಟು ದಿನ ಕೆಲಸ ಬಿಡಲು ಸಾಧ್ಯವೇ, ಸಂಸಾರವನ್ನು ಯಾರು ನಡೆಸುವರು ಎಂಬುದನ್ನು ಮನೆಯವರೊಡನೆ ಕುಳಿತು ಯೋಚಿಸಬೇಕು.

ವೈದ್ಯರನ್ನು ಕೇಳಿ

1. ನನ್ನ ಮಂಡಿಯಲ್ಲಿ ಹಾನಿ ಎಷ್ಟು ಅಗಲವಿದೆ? ಸವೆತ ಬೇರೆಡೆಯೂ ಇದೆಯೇ?
2. ಶಸ್ತ್ರಚಿಕಿತ್ಸೆಯಿಲ್ಲದ ಅಥವಾ ಇದಕ್ಕಿಂತ ಸರಳವಾದ ಉಪಾಯವಿದೆಯೇ?
3. ಸೋಂಕು, ಮಂಡಿ ಬಿಗಿತ, ರಕ್ತ ಹೆಪ್ಪುಗಟ್ಟುವಿಕೆ, ಮತ್ತೊಮ್ಮೆ ಶಸ್ತ್ರಚಿಕಿತ್ಸೆ, ಇವುಗಳ ಸಂಭವವೆಷ್ಟು?
4. ಎರಡೂ ಶಸ್ತ್ರಚಿಕಿತ್ಸೆ, ಪ್ರಯೋಗಾಲಯ, ವ್ಯಾಯಾಮ ಸೇರಿ ಒಟ್ಟು ವೆಚ್ಚವೆಷ್ಟು?
5. ತಾವು ಇಂತಹ ಚಿಕಿತ್ಸೆಯನ್ನು ಎಷ್ಟು ಮಂದಿಗೆ ಮಾಡಿದ್ದೀರಿ?

"ಒಂದೇ ಸೂಜಿಯಿಂದ ಮೃದ್ವಸ್ಥಿ ಮರಳಿ ಬೆಳೆಯುತ್ತದೆ" ಎಂಬ ಜಾಹೀರಾತುಗಳಿಗೆ ಮರುಳಾಗದಿರಿ. ಇಲ್ಲಿ ವಿವರಿಸಿದ ಚಿಕಿತ್ಸೆ ಅಂತಹುದಲ್ಲ. ಉತ್ತರಗಳು ತೃಪ್ತಿಕರವಾಗಿಲ್ಲದಿದ್ದರೆ ಮತ್ತೊಬ್ಬ ಮೂಳೆತಜ್ಞರ ಅಭಿಪ್ರಾಯ ಪಡೆಯಿರಿ. ತಿಳಿದು ನೀಡಿದ ಒಪ್ಪಿಗೆಯೇ ನಿಜವಾದ ಒಪ್ಪಿಗೆ.