ಜನರೇಟರಿನ ಹೊಗೆ ಎಲ್ಲಿಗೆ ಹೋಗಬೇಕು?

ಚಿತ್ರೀಕರಣಕ್ಕೆ ಹೋದಾಗ ನಾವು ಜನರೇಟರ್ ವ್ಯಾನನ್ನು ದೂರ ನಿಲ್ಲಿಸುತ್ತೇವೆ. ಸದ್ದು ಒಂದು ಕಾರಣ, ಹೊಗೆ ಇನ್ನೊಂದು. ನಿಮ್ಮ ಅಂಗಡಿ ಅಥವಾ ಛತ್ರದ ನೆಲಮಾಳಿಗೆಯ ಜನರೇಟರಿನ ಹೊಗೆ ಎಲ್ಲಿಗೆ ಹೋಗುತ್ತದೆಂದು ನೋಡಿದ್ದೀರಾ?

ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಮಂಪರು. ಮಲಗಿದವರು ಏಳದೆಯೇ ಹೋಗಬಹುದು. ಕಿಟಕಿ ತೆರೆದಿಟ್ಟರೆ ಸಾಲದು.

ಡೀಸೆಲ್ ಜನರೇಟರಿನ ಹೊಗೆಯನ್ನು ಸೋರದ ಉಕ್ಕಿನ ಕೊಳವೆಯಲ್ಲಿ ಚಾವಣಿಯ ಮೇಲಕ್ಕೆ ಒಯ್ಯಬೇಕು. ಎಷ್ಟು ಮೇಲಕ್ಕೆ? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರ ಸರಳ: ಕೆ.ವಿ.ಎ. ಸಾಮರ್ಥ್ಯದ ವರ್ಗಮೂಲವನ್ನು 0.2ರಿಂದ ಗುಣಿಸಿ, ಕಟ್ಟಡಕ್ಕಿಂತ ಅಷ್ಟು ಮೀಟರ್ ಎತ್ತರದಲ್ಲಿ ಕೊಳವೆಯ ಬಾಯಿರಲಿ. 25 ಕೆ.ವಿ.ಎ.ಗೆ 1 ಮೀಟರ್, 100 ಕೆ.ವಿ.ಎ.ಗೆ 2. ಎಂಜಿನ್ ಅದುರುವುದರಿಂದ ಅದರ ಪಕ್ಕದ ಜೋಡಣೆ ಬಾಗುವಂಥದ್ದಾಗಿರಬೇಕು. ಅದು ಬಿರುಕು ಬಿಟ್ಟಿದೆಯೇ ಎಂದು ಆಗಾಗ ನೋಡಿ.

ಸಣ್ಣ ಪೆಟ್ರೋಲ್ ಜನರೇಟರಾದರೆ ಕೊಳವೆಯ ಉಪಾಯವೇ ಬೇಡ. ಬಾಗಿಲು ಕಿಟಕಿಗಳಿಂದ ಕನಿಷ್ಠ 6 ಮೀಟರ್ ದೂರ, ಬಯಲಿನಲ್ಲೇ ಇಡಿ. ಹೊರಗೆ ಹೋದ ಹೊಗೆ ಮತ್ತೆ ಮನೆಯೊಳಗೆ ಬಾರದಿರಲಿ.