ನಾಲ್ಕು ಚಕ್ರಕ್ಕೂ ಶಕ್ತಿ, ಜೀಪು ಮಾತ್ರ ನಿಂತಲ್ಲೇ

ಹಾಸನದ ಕಡೆಯ ಓದುಗರೊಬ್ಬರ ಪತ್ರದಲ್ಲಿ ಮುಕ್ಕಾಲು ಪಾಲು ಪ್ರವಾಸದ ಯೋಜನೆಯೇ ತುಂಬಿದೆ. ಬೆಂಗಳೂರಿನಿಂದ ಮನಾಲಿ ಮೇಲೆ ಲೇಹ್‌ಗೆ ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ. ಗಾಡಿಯ ನೆತ್ತಿಯ ಮೇಲೆ ಟೆಂಟು, ಹಿಂದೆ ಸ್ಟವ್ವು, ಅಕ್ಕಿ, ಉಪ್ಪಿನಕಾಯಿ. ಪ್ರಶ್ನೆ ಇರುವುದು ಕೊನೆಯಲ್ಲಿ: "ತಾಲೀಮಿಗೆಂದು ತೋಟದ ಕೆಸರುದಾರಿಯಲ್ಲಿ ಓಡಿಸಿದೆ. ಫೋರ್ ವೀಲ್ ಹಾಕಿದ್ದರೂ ಎರಡು ಚಕ್ರ ಗಿರಗಿರನೆ ತಿರುಗಿದವು, ಇನ್ನೆರಡು ಮಿಸುಕಲಿಲ್ಲ. ಗಾಡಿಯಲ್ಲಿ ದೋಷವಿದೆಯೇ?"

ದೋಷವೇನೂ ಇಲ್ಲ ಸ್ವಾಮಿ. ದೋಷ ಇರುವುದು ಜಾಹೀರಾತಿನಲ್ಲಿ. ಬಂಡೆಯ ತುದಿಯಲ್ಲಿ ಗಾಡಿ ನಿಲ್ಲಿಸಿ ಫೋಟೊ ತೆಗೆದವರು ಆಕ್ಸಲ್ ನಡುವಿನ ಉರುಟು ಪೆಟ್ಟಿಗೆಯೊಳಗಿನ ಡಿಫರೆನ್ಷಿಯಲ್ ಬಗ್ಗೆ ಒಂದು ಮಾತೂ ಹೇಳುವುದಿಲ್ಲ.

ಈ ಡಿಫರೆನ್ಷಿಯಲ್ ಯಾಕೆ ಬೇಕು? ಆಗುಂಬೆ ಘಾಟಿಯ ಒಂದು ಹೇರ್‌ಪಿನ್ ತಿರುವನ್ನೇ ತೆಗೆದುಕೊಳ್ಳಿ. ಎಡ-ಬಲ ಚಕ್ರಗಳ ನಡುವಿನ ಅಂತರ ಒಂದೂವರೆ ಮೀಟರ್ ಎಂದುಕೊಂಡರೆ, ಪೂರ್ತಿ ಹಿಂದಕ್ಕೆ ಹೊರಳುವ ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 4.7 ಮೀಟರ್ ಹೆಚ್ಚು ಓಡಬೇಕು. ನನಗೆ ಬಹಳ ಇಷ್ಟವಾದ ಸಂಗತಿ ಇದು: ತಿರುವು ಇಕ್ಕಟ್ಟಾಗಿದ್ದರೂ ವಿಶಾಲವಾಗಿದ್ದರೂ ಈ 4.7 ಮೀಟರ್ ಬದಲಾಗುವುದೇ ಇಲ್ಲ. ಅಂತರವನ್ನು ಪೈಯಿಂದ ಗುಣಿಸಿದರೆ ಮುಗಿಯಿತು, ತಿರುವಿನ ತ್ರಿಜ್ಯ ಲೆಕ್ಕದೊಳಗೆ ಬರುವುದೇ ಇಲ್ಲ. ಮಗಳೋ ಮೊಮ್ಮಗನೋ ಹೈಸ್ಕೂಲಿನಲ್ಲಿದ್ದರೆ ಈ ಲೆಕ್ಕ ಕೊಟ್ಟು ನೋಡಿ.

ಎತ್ತಿನ ಗಾಡಿಗೆ ಈ ತಾಪತ್ರಯವಿಲ್ಲ. ಅದರ ಚಕ್ರಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ತಿರುಗುತ್ತವೆ. ಎಂಜಿನ್ನು ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸಹೊರಟಾಗ ತೊಡಕು ಶುರುವಾಯಿತು. 1820ರ ದಶಕದಲ್ಲಿ ಒನೆಸಿಫೋರ್ ಪೆಕ್ಯೋರ್ ಎಂಬ ಫ್ರಾನ್ಸಿನ ಗಡಿಯಾರ ತಯಾರಕ ಉಗಿಬಂಡಿಗಾಗಿ ಇದಕ್ಕೊಂದು ಗೇರುಗಳ ಜೋಡಣೆ ಮಾಡಿ ಪೇಟೆಂಟ್ ಪಡೆದ. ಅದೇ ಡಿಫರೆನ್ಷಿಯಲ್: ಎರಡು ಚಕ್ರಗಳ ವೇಗ ಬೇರೆಬೇರೆ ಇರಬಹುದು, ಆದರೆ ತಿರುಗಿಸುವ ಬಲ ಎರಡಕ್ಕೂ ಸಮಪಾಲು. ಇವತ್ತಿಗೂ ನಮ್ಮ ಕಾರಿನಡಿ ಇರುವುದು ಅದೇ ತತ್ತ್ವ.

ಈ ಸಮಪಾಲೇ ಕೆಸರಿನಲ್ಲಿ ಕೈಕೊಡುವುದು. ನೊಗದ ಒಂದು ಕಡೆಯ ಎತ್ತು ಜಗ್ಗದೆ ಸುಮ್ಮನಾದರೆ ಇನ್ನೊಂದು ಎಷ್ಟು ಎಳೆದರೂ ನೊಗ ಓರೆಯಾಗುತ್ತದೆಯೇ ಹೊರತು ಗಾಡಿ ಮುಂದೆ ಸಾಗದು. ಗಾಳಿಯಲ್ಲಿ ತೇಲುವ ಚಕ್ರವನ್ನು ತಿರುಗಿಸಲು ಬಲವೇ ಬೇಕಿಲ್ಲ. ಸಮಪಾಲಿನ ನಿಯಮದಂತೆ ಗಟ್ಟಿ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ, ಅಂದರೆ ಸೊನ್ನೆ. ಫೋರ್ ವೀಲ್ ಹಾಕಿದರೆ ಮುಂದಿನ ಆಕ್ಸಲ್‌ಗೂ ಹಿಂದಿನದಕ್ಕೂ ಶಕ್ತಿ ಹೋಗುತ್ತದೆ ನಿಜ. ಮುಂದೊಂದು, ಹಿಂದೊಂದು ಚಕ್ರ ಹಿಡಿತ ತಪ್ಪಿದರೆ ಎರಡೂ ಆಕ್ಸಲ್‌ಗಳ ಕತೆ ಅಲ್ಲಿಗೆ ಮುಗಿಯಿತು.

ಕೊಡಚಾದ್ರಿ ಹತ್ತುವ ಜೀಪುದಾರಿಯಲ್ಲಿ ಮಳೆಗಾಲ ಮುಗಿದ ಹೊಸತರಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಎಡ ಹಿಂಚಕ್ರ ಕೊರಕಲಿನ ಮೇಲೆ ತೇಲಿ ಕೆಂಪು ರಾಡಿ ಎರಚುತ್ತಿರುತ್ತದೆ. ಬಲ ಹಿಂಚಕ್ರ ಒಣ ಬಂಡೆಯ ಮೇಲೆ ಕೂತು ಸುಮ್ಮನಿರುತ್ತದೆ. ನಾನು ನೋಡಿದ ಚಾಲಕ ಆಕ್ಸಿಲರೇಟರ್ ಒತ್ತಲಿಲ್ಲ. ಕೆಳಗಿಳಿದು, ತೇಲುವ ಚಕ್ರದಡಿ ಚಪ್ಪಟೆ ಕಲ್ಲು ತುರುಕಿ, ಲೋ ಗೇರಿನಲ್ಲಿ ಮೆಲ್ಲಗೆ ಹೊರಟ. ಆ ಕಲ್ಲಿನಿಂದ ಬಲ ಬಂದದ್ದು ಎಡ ಚಕ್ರಕ್ಕಷ್ಟೇ ಅಲ್ಲ, ಬಲ ಚಕ್ರಕ್ಕೂ!

ಇಂಥ ಹೊತ್ತಿನಲ್ಲಿ ಬ್ರೇಕನ್ನು ಅರ್ಧ ಒತ್ತಿ ಆಕ್ಸಿಲರೇಟರ್ ಕೊಟ್ಟರೆ ಗಾಡಿ ಹೊರಬರುತ್ತದೆ ಎಂಬ ಉಪದೇಶವೂ ಇದೆ. ಆದರೆ ಬ್ರೇಕು ಎರಡೂ ಚಕ್ರಗಳನ್ನು ಸಮನಾಗಿ ಹಿಡಿಯುವುದರಿಂದ ಒಳ್ಳೆಯ ಚಕ್ರಕ್ಕೆ ಬಂದ ಬಲವನ್ನು ಅದರದೇ ಬ್ರೇಕು ನುಂಗುತ್ತದೆ. ಜಾರುವ ಚಕ್ರವನ್ನಷ್ಟೇ ಹಿಡಿಯಬೇಕು. ಇದು ನಮ್ಮ ಗದ್ದೆಯ ಟ್ರ್ಯಾಕ್ಟರಿಗೆ ಎಷ್ಟೋ ವರ್ಷಗಳಿಂದ ಗೊತ್ತು! ಅದರಲ್ಲಿ ಎಡಕ್ಕೊಂದು, ಬಲಕ್ಕೊಂದು ಬ್ರೇಕ್ ಪೆಡಲ್ ಇದೆ. ಹೂತ ಕಡೆಯದನ್ನು ಮಾತ್ರ ತುಳಿದರೆ ಬಲ ಇನ್ನೊಂದು ಕಡೆಗೆ ಹರಿಯುತ್ತದೆ. ಎರಡು ಚಕ್ರಗಳನ್ನೂ ಒಂದಾಗಿ ಬೆಸೆದುಬಿಡುವ ಡಿಫರೆನ್ಷಿಯಲ್ ಲಾಕ್ ಬೇರೆ ಇರುತ್ತದೆ. ಜಿಮ್ನಿಯಂಥ ಹೊಸ ಗಾಡಿಗಳಲ್ಲಿ ಈಗ ಕಂಪ್ಯೂಟರ್ ಮಾಡುವ ಕೆಲಸವನ್ನು ನಾಟಿಯ ಹೊತ್ತಿನಲ್ಲಿ ರೈತನ ಬರಿಗಾಲು ಮಾಡುತ್ತಿತ್ತು.

ಹೊರಡುವ ದಿನ ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿ ಮಾಡುವವರು ಟೈರಿನ ಗಾಳಿ ನೋಡುವುದಿಲ್ಲ ಎಂಬುದು ನನ್ನ ಹಳೆಯ ತಕರಾರು. ನಿಂಬೆ ಬಾನೆಟ್ಟಿನ ಮೇಲಿದ್ದರೂ ದೃಷ್ಟಿ ತಾಗದು, ಶರಬತ್ತಿಗೆ ಹೋದರೂ ತಾಗದು. ಗಾಳಿಯ ಲೆಕ್ಕ ಹಾಗಲ್ಲ. ಚಕ್ರವೊಂದಕ್ಕೆ 450 ಕಿಲೋ ಭಾರ ಬಿದ್ದರೆ, 30 ಪಿಎಸ್‌ಐ ಗಾಳಿಯಲ್ಲಿ ಟೈರು ನೆಲವನ್ನು ತಬ್ಬುವುದು ಹೆಚ್ಚುಕಡಿಮೆ 210 ಚದರ ಸೆಂಟಿಮೀಟರ್. ಗಾಳಿ ಅರ್ಧಕ್ಕಿಳಿಸಿದರೆ ಸರಿಸುಮಾರು ಅದರ ಎರಡರಷ್ಟು. ಲೇಹ್ ಆಚೆಯ ನುಬ್ರಾ ಕಣಿವೆಯ ಹುಂದರ್ ಮರಳಿನಂಥ ಕಡೆ ಹೂತರೆ ಕಾಪಾಡುವುದು ಇದೇ. ಡಾಂಬರಿಗೆ ಬಂದೊಡನೆ ಮತ್ತೆ ತುಂಬಿಸಲೇಬೇಕು, ಇಲ್ಲವಾದರೆ ಟೈರು ಕಾದು ಒಡೆಯಬಹುದು. ಒಣ ಡಾಂಬರಿನ ಮೇಲೆ ಫೋರ್ ವೀಲನ್ನೂ ತೆಗೆದುಬಿಡಿ. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳೂ ಬೇರೆಬೇರೆ ದೂರ ಓಡುತ್ತವೆ. ಇಂಥ ಹೆಚ್ಚಿನ ಗಾಡಿಗಳಲ್ಲಿ ಅವೆರಡರ ನಡುವೆ ಡಿಫರೆನ್ಷಿಯಲ್ ಇಲ್ಲದ ಕಾರಣ ಗೇರುಗಳು ತಿರುಚಿಕೊಂಡು ಬಿಗಿಯುತ್ತವೆ.

ಇನ್ನು ಆ ಟೆಂಟು. ಅದನ್ನು ತೊರೆಯ ದಂಡೆಯಲ್ಲಿ ಹೂಡಬೇಡಿ. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ, ಬೆಳಿಗ್ಗೆ ಪಾದ ತೋಯಿಸುತ್ತಿದ್ದ ನೀರು ಮಧ್ಯಾಹ್ನದ ಮೇಲೆ ಗಾಡಿಯನ್ನೇ ತಳ್ಳುವಷ್ಟು ಏರುತ್ತದೆ. ರಸ್ತೆಗೆ ಅಡ್ಡ ಹರಿಯುವ ತೊರೆಗಳನ್ನು ಬೆಳಗಿನ ಹೊತ್ತೇ ದಾಟಿ. ದಾರಿಯಲ್ಲಿ ಸಿಗುವ ಮೋರೆ ಬಯಲು ಎಷ್ಟೇ ಸಪಾಟಾಗಿ ಕರೆದರೂ ರಸ್ತೆ ಬಿಟ್ಟು ಇಳಿಸಬೇಡಿ. ಮಳೆ ಅಪರೂಪವಾದ ಆ ನೆಲದಲ್ಲಿ ಚಕ್ರದ ಗುರುತು ವರ್ಷಗಟ್ಟಲೆ ಅಳಿಯುವುದಿಲ್ಲ, ಅಲ್ಲಿನ ಕಿಯಾಂಗ್ ಕತ್ತೆಗಳಿಗೆ ಸಿಗುವ ಹುಲ್ಲೂ ಅಷ್ಟಕ್ಕಷ್ಟೇ. ಟೆಂಟಿಗೆ ಇನ್ನಷ್ಟು ಹಣ ಸುರಿಯುವ ಮೊದಲು ಒಂದು ಗಾಳಿ ಪಂಪು, ಒಂದು ಪ್ರೆಶರ್ ಗೇಜ್ ಕೊಳ್ಳಿ. ನಿಮ್ಮ ಗಾಡಿಗೆ ಡಿಫರೆನ್ಷಿಯಲ್ ಲಾಕ್ ಇದೆಯೇ ಎಂದು ಶೋರೂಮಿನವರನ್ನು ಕೇಳಿ, ಉತ್ತರ ನನಗೂ ಬರೆದು ತಿಳಿಸಿ.